ಬೀಳುವ ವಸ್ತುವಿನ ವೇಗವೂ ಅಜ್ಜನ ಕೊಡೆಯೂ

ಕಳೆದ ಆಟಿ ತಿಂಗಳ ಒಂದು ಮಧ್ಯಾಹ್ನ. ಬೆಳಗಿನಿಂದ ಸುರಿಯುತ್ತಿದ್ದ ಮಳೆ ಸ್ವಲ್ಪ ಹೊಳವಾಗಿತ್ತು. ಊಟದ ಬಿಡುವಿನ ವೇಳೆಯಲ್ಲಿ ಎಂಟನೆಯ ತರಗತಿಯ ನಾಲ್ಕೈದು ಹುಡುಗರು ಆಟದ ಬಯಲಿನ ಅಂಚಿನಲ್ಲಿರುವ ಮುರಕಲ್ಲಿನ ದರೆಯನ್ನು ಹತ್ತಿದರು. ದರೆಯ ಎತ್ತರ ಸುಮಾರು 3 ಮೀಟರು. ಅವರಲ್ಲೊಬ್ಬನ ಕೈಯಲ್ಲಿ ಮನೆಯಿಂದ ತಂದ ಅಜ್ಜನ ದೊಡ್ಡ ಕೊಡೆ ಇತ್ತು. ವಿಮಾನದಿಂದ ಧುಮುಕಿದ ಸೈನಿಕರು ಪ್ಯಾರಾಶೂಟಿನ ಸಹಾಯದಿಂದ ಮೆಲ್ಲಗೆ ನೆಲಕ್ಕಿಳಿಯುವ ಚಿತ್ರವನ್ನು ಅವನು ಕಂಡಿದ್ದ. ಕೊಡೆಯನ್ನು ಬಿಡಿಸಿ, ಹಿಡಿಯನ್ನು ಎರಡು ಕೈಗಳಿಂದಲೂ ಬಿಗಿಯಾಗಿ ಹಿಡಿದು ಅವನು ಕೆಳಗೆ ಹಾರಿಯೇ ಬಿಟ್ಟ. ಮರುಗಳಿಗೆಯಲ್ಲಿ ಕೊಡೆ ಒಂದು ಕಡೆ, ಹುಡುಗ ಇನ್ನೊಂದು ಕಡೆ. ಎಡಗೈಯ ಮೂಳೆ ಮುರಿದು, ಆರು ವಾರ ಕೈಗೆ ಪಟ್ಟಿ ಕಟ್ಟಿಸಿಕೊಂಡು ಇರಬೇಕಾಯಿತು.

ಶಾಲೆಗೆ ಮರಳಿದ ಮೇಲೆ ಅವನು ನಮ್ಮ ಹತ್ತನೆಯ ತರಗತಿಯವರೊಡನೆ ಕೇಳಿದ ಪ್ರಶ್ನೆ ಇದು: "ಕೊಡೆ ಬಿಡಿಸಿಯೇ ಇತ್ತಲ್ಲ, ಅಣ್ಣಾ? ಮತ್ತೆ ನಾನು ಕಲ್ಲಿನ ಹಾಗೆ ಬಿದ್ದದ್ದು ಯಾಕೆ?"

ನಾವು ಸುಲಭವಾಗಿ ಉತ್ತರ ಹೇಳಲು ಹೊರಟೆವು. ಆದರೆ ನಮ್ಮಲ್ಲೇ ಎರಡು ಪಕ್ಷಗಳಾದುವು. "ನೀನು ಭಾರ, ಅದಕ್ಕೆ ಬೇಗ ಬಿದ್ದೆ" ಎಂದರು ಕೆಲವರು. "ಎಲ್ಲ ವಸ್ತುಗಳೂ ಒಂದೇ ವೇಗದಲ್ಲಿ ಬೀಳುತ್ತವೆಂದು ಪಾಠದಲ್ಲಿದೆ, ಕೊಡೆಯಿದ್ದರೇನು, ಇಲ್ಲದಿದ್ದರೇನು?" ಎಂದರು ಉಳಿದವರು. ಚರ್ಚೆ ವಿಜ್ಞಾನದ ಅಧ್ಯಾಪಕರ ತನಕ ಹೋಯಿತು. "ವಾದ ಬೇಡ. ಬೀಳಿಸಿ ನೋಡಿ, ಆಮೇಲೆ ಲೆಕ್ಕ ಹಾಕಿ" ಎಂದು ಅವರು ನಮ್ಮನ್ನು ಕೆಲಸಕ್ಕೆ ಹಚ್ಚಿದರು. ಹಾಗೆ ನೋಡಿ, ಓದಿ, ಲೆಕ್ಕ ಹಾಕಿ ನಾವು ತಿಳಿದುಕೊಂಡುದನ್ನು ಇಲ್ಲಿ ಬರೆದಿದ್ದೇವೆ. ಎರಡು ಪಕ್ಷದವರೂ ಅರ್ಧ ಮಾತ್ರ ಸರಿ ಎಂಬುದು ಕೊನೆಗೆ ತಿಳಿದುಬಂತು.

ಭಾರವಾದುದು ಬೇಗ ಬೀಳುವುದೇ?

ಭಾರವಾದ ವಸ್ತು ಬೇಗ ಬೀಳುತ್ತದೆ, ಹಗುರವಾದುದು ನಿಧಾನವಾಗಿ ಬೀಳುತ್ತದೆ ಎಂಬುದು ನಮಗೆಲ್ಲ ಸಹಜವಾಗಿ ತೋರುವ ಮಾತು. ತೆಂಗಿನಕಾಯಿ ದೊಪ್ಪನೆ ಬೀಳುತ್ತದೆ, ಎಕ್ಕದ ಬೀಜ ಗಾಳಿಯಲ್ಲಿ ತೇಲುತ್ತ ಹೋಗುತ್ತದೆ. ಕ್ರಿಸ್ತಪೂರ್ವ ನಾಲ್ಕನೆಯ ಶತಮಾನದಲ್ಲಿದ್ದ ಗ್ರೀಕ್ ತತ್ತ್ವಜ್ಞಾನಿ ಅರಿಸ್ಟಾಟಲನೂ ಹೀಗೆಯೇ ಹೇಳಿದ್ದನು. ಒಂದು ವಸ್ತುವಿನ ಭಾರ ಎರಡರಷ್ಟಾದರೆ ಅದು ಬೀಳುವ ವೇಗವೂ ಎರಡರಷ್ಟಾಗುವುದೆಂದು ಅವನ ಮತ. ಆರನೆಯ ಶತಮಾನದಲ್ಲಿ ಅಲೆಕ್ಸಾಂಡ್ರಿಯದ ಫಿಲೋಪೋನಸ್ ಎಂಬ ವಿದ್ವಾಂಸನು ಇದು ಕಣ್ಣಿಗೆ ಕಾಣುವುದಕ್ಕೆ ವಿರುದ್ಧವೆಂದು ಬರೆದನು. ಆದರೂ ಅರಿಸ್ಟಾಟಲನ ಮಾತೇ ಬಹುಕಾಲ ನಿಂತಿತು.

ಹಾಲೆಂಡಿನ ಸೈಮನ್ ಸ್ಟೆವಿನ್ ಎಂಬಾತನು ತನ್ನ ಮಿತ್ರನೊಡನೆ ಡೆಲ್ಫ್ಟ್ ನಗರದಲ್ಲಿ ಒಂದು ಪ್ರಯೋಗ ಮಾಡಿದನು. ಒಂದಕ್ಕಿಂತ ಇನ್ನೊಂದು ಹತ್ತರಷ್ಟು ಭಾರವಾದ ಎರಡು ಸೀಸದ ಗುಂಡುಗಳನ್ನು 30 ಅಡಿ ಎತ್ತರದಿಂದ ಒಂದು ಹಲಗೆಯ ಮೇಲೆ ಬಿಟ್ಟರು. ಎರಡರ ಸದ್ದು ಒಂದೇ ಸದ್ದಿನಂತೆ ಕೇಳಿಸಿತೆಂದು 1586ರಲ್ಲಿ ಅಚ್ಚಾದ ತನ್ನ ಪುಸ್ತಕದಲ್ಲಿ ಅವನು ಬರೆದನು. ಗೆಲಿಲಿಯೋ ಪೀಸಾ ನಗರದ ವಾಲಿದ ಗೋಪುರದಿಂದ ಗುಂಡುಗಳನ್ನು ಬಿಟ್ಟ ಕಥೆ ನಮಗೆಲ್ಲ ಗೊತ್ತು. ಅದನ್ನು ಬರೆದವನು ಅವನ ಶಿಷ್ಯ ವಿವಿಯಾನಿ. ಅದು ನಿಜವಾಗಿ ನಡೆಯಿತೇ ಎಂಬ ಬಗ್ಗೆ ಚರಿತ್ರಕಾರರಿಗೆ ಸಂದೇಹವಿದೆ.

ನಾವೂ ಸ್ಟೆವಿನ್ನನಂತೆಯೇ ಮಾಡಿದೆವು. ಮೇಲಂತಸ್ತಿನ ಜಗಲಿಯ ಕೆಳಗೆ ಒಂದು ತಗಡನ್ನು ಹಾಸಿ, ಸುತ್ತ ಯಾರೂ ಬಾರದಂತೆ ಹಗ್ಗ ಕಟ್ಟಿ, ಸುಮಾರು 4 ಮೀಟರು ಎತ್ತರದಿಂದ ಒಂದು ತೆಂಗಿನಕಾಯಿಯನ್ನೂ ಒಂದು ಅಡಿಕೆಯನ್ನೂ ಒಮ್ಮೆಗೇ ಬಿಟ್ಟೆವು. ಕೆಳಗೆ ದೂರದಲ್ಲಿ ನಿಂತವರು ಕಣ್ಣು ಮುಚ್ಚಿ ಕಿವಿಗೊಟ್ಟಿದ್ದರು. ಹತ್ತು ಸಲ ಬಿಟ್ಟಾಗ ಒಂಬತ್ತು ಸಲವೂ ಒಂದೇ ಸದ್ದು. ಒಂದು ಸಲ ಎರಡು ಸದ್ದಾದುದಕ್ಕೆ ಕೈಬಿಟ್ಟವನ ಅವಸರವೇ ಕಾರಣ. ತೂಕದಲ್ಲಿ ಅಡಿಕೆಗೂ ಕಾಯಿಗೂ ಎಲ್ಲಿಯ ಸಾಟಿ? ಆದರೂ ಬೀಳುವುದರಲ್ಲಿ ಅವು ಜೊತೆ.

ಗೆಲಿಲಿಯೋ ಏನನ್ನೂ ಬೀಳಿಸದೆ, ಕೇವಲ ಯೋಚಿಸಿಯೇ ಅರಿಸ್ಟಾಟಲನ ಮಾತಿನಲ್ಲಿದ್ದ ತಪ್ಪನ್ನು ತೋರಿಸಿದನು. ಅವನ ತರ್ಕವನ್ನು ನಮ್ಮ ಕಾಯಿ-ಅಡಿಕೆಗಳಿಗೆ ಹಚ್ಚಿ ನೋಡೋಣ. ಭಾರವಾದ ಕಾಯಿ ಬೇಗ, ಹಗುರವಾದ ಅಡಿಕೆ ನಿಧಾನ ಎಂದಿಟ್ಟುಕೊಳ್ಳಿ. ಈಗ ಎರಡನ್ನೂ ನೂಲಿನಿಂದ ಕಟ್ಟಿ ಬಿಟ್ಟರೆ, ನಿಧಾನವಾದ ಅಡಿಕೆ ಕಾಯಿಯನ್ನು ಹಿಂದಕ್ಕೆಳೆಯಬೇಕು. ಜೋಡಿ ಕಾಯಿಗಿಂತ ನಿಧಾನವಾಗಿ ಬೀಳಬೇಕು. ಆದರೆ ಜೋಡಿಯ ಭಾರ ಕಾಯಿಯ ಭಾರಕ್ಕಿಂತ ಹೆಚ್ಚು. ಆದ್ದರಿಂದ ಅದು ಇನ್ನೂ ಬೇಗ ಬೀಳಬೇಕು! ಒಂದೇ ಮಾತಿನಿಂದ ಎರಡು ವಿರುದ್ಧ ಫಲಗಳು ಬಂದರೆ ಆ ಮಾತೇ ತಪ್ಪು.

ಹಾಗಾದರೆ ಭಾರ ಹೆಚ್ಚಾದರೂ ವೇಗ ಹೆಚ್ಚಾಗದಿರುವುದು ಹೇಗೆ? ಭೂಮಿ ಭಾರವಾದ ವಸ್ತುವನ್ನು ಹೆಚ್ಚು ಬಲದಿಂದ ಎಳೆಯುವುದು ನಿಜ. ಆದರೆ ಭಾರವಾದ ವಸ್ತುವನ್ನು ಚಲಿಸುವಂತೆ ಮಾಡಲು ಬೇಕಾದ ಬಲವೂ ಹೆಚ್ಚು. ವಸ್ತುವಿನ ಈ ಗುಣವನ್ನು ಜಡತ್ವವೆನ್ನುತ್ತೇವೆ. ಒಂದು ಹೊರೆಗೆ ಒಬ್ಬ ಆಳು, ಹತ್ತು ಹೊರೆಗೆ ಹತ್ತು ಆಳು ಎಂದಾದರೆ ಎಲ್ಲ ಹೊರೆಗಳೂ ಒಂದೇ ಹೊತ್ತಿಗೆ ಮನೆ ಸೇರುತ್ತವೆ. ದ್ರವ್ಯರಾಶಿ ಹತ್ತು ಪಾಲಾದರೆ ಎಳೆತವೂ ಹತ್ತು ಪಾಲು, ಜಡತ್ವವೂ ಹತ್ತು ಪಾಲು, ಫಲ ಒಂದೇ.

ಬೀಳುತ್ತ ಬೀಳುತ್ತ ಹೆಚ್ಚುವ ವೇಗ

ಬೀಳುವ ವಸ್ತುವಿನ ವೇಗ ಮೊದಲಿನಿಂದ ಕೊನೆಯ ತನಕ ಒಂದೇ ಸಮನಾಗಿರುವುದಿಲ್ಲ. ಕೈಬಿಟ್ಟ ಕ್ಷಣದಲ್ಲಿ ಅದರ ವೇಗ ಸೊನ್ನೆ. ಒಂದು ಸೆಕೆಂಡು ಕಳೆದಾಗ ಸೆಕೆಂಡಿಗೆ 9.8 ಮೀಟರು, ಎರಡು ಸೆಕೆಂಡು ಕಳೆದಾಗ 19.6 ಮೀಟರು, ಮೂರು ಸೆಕೆಂಡಿಗೆ 29.4 ಮೀಟರು. ಹೀಗೆ ಪ್ರತಿ ಸೆಕೆಂಡಿನಲ್ಲೂ ವೇಗಕ್ಕೆ 9.8 ಮೀಟರು ಕೂಡುತ್ತ ಹೋಗುತ್ತದೆ. ವೇಗ ಹೀಗೆ ಏರುವ ದರಕ್ಕೆ ವೇಗೋತ್ಕರ್ಷವೆಂದು ಹೆಸರು. ಭೂಮಿಯ ಸೆಳೆತದಿಂದ ಉಂಟಾಗುವ ಈ ವೇಗೋತ್ಕರ್ಷ ಕಾಯಿಗೂ ಅಡಿಕೆಗೂ ಒಂದೇ.

ವೇಗ ಏರುತ್ತ ಹೋಗುವುದರಿಂದ ಬಿದ್ದ ದೂರವು ಕಾಲದ ವರ್ಗಕ್ಕೆ ಅನುಸಾರವಾಗಿ ಹೆಚ್ಚುತ್ತದೆ. ಮೊದಲ ಸೆಕೆಂಡಿನ ಕೊನೆಗೆ 4.9 ಮೀಟರು, ಎರಡು ಸೆಕೆಂಡಿಗೆ ಅದರ ನಾಲ್ಕರಷ್ಟು, 19.6 ಮೀಟರು, ಮೂರು ಸೆಕೆಂಡಿಗೆ ಒಂಬತ್ತರಷ್ಟು, 44.1 ಮೀಟರು. ನೇರವಾಗಿ ಬೀಳುವ ವಸ್ತುವಿನ ಕಾಲವನ್ನು ಅಳೆಯಲು ಗೆಲಿಲಿಯೋನ ಬಳಿ ಗಡಿಯಾರವಿರಲಿಲ್ಲ. ಆದುದರಿಂದ ಅವನು ಓರೆಯಾದ ಹಲಗೆಯ ತೋಡಿನಲ್ಲಿ ಗುಂಡನ್ನು ಉರುಳಿಸಿ, ಪಾತ್ರೆಯಿಂದ ಹರಿದ ನೀರನ್ನು ತೂಗಿ ಕಾಲವನ್ನು ಅಳೆದನು. ಈ ನಿಯಮವನ್ನು 1638ರಲ್ಲಿ ಪ್ರಕಟವಾದ ಪುಸ್ತಕದಲ್ಲಿ ವಿವರಿಸಿದನು.

ಗಡಿಯಾರವಿಲ್ಲದೆಯೇ ಇದನ್ನು ಕಿವಿಯಿಂದ ತಿಳಿಯುವ ಉಪಾಯವೊಂದಿದೆ. ಒಂದು ಗಟ್ಟಿ ನೂಲಿನ ತುದಿಗೆ ಒಂದು ಅಡಿಕೆಯನ್ನು ಕಟ್ಟಿ. ಆ ತುದಿಯಿಂದ 10, 40, 90, 160 ಸೆಂಟಿಮೀಟರುಗಳಲ್ಲಿ ಒಂದೊಂದು ಅಡಿಕೆ ಕಟ್ಟಿ. ಕೆಳಗಿನ ಅಡಿಕೆ ತಗಡಿಗೆ ತಾಗುವಂತೆ ನೂಲನ್ನು ನೇರವಾಗಿ ಹಿಡಿದು ಬಿಟ್ಟುಬಿಡಿ. ಮೇಲಿನ ನಾಲ್ಕು ಅಡಿಕೆಗಳು ಸಮಾನ ಕಾಲಾಂತರದಲ್ಲಿ, ತಾಳ ಹಾಕಿದಂತೆ, ಟಕ್ ಟಕ್ ಟಕ್ ಟಕ್ ಎಂದು ಬಡಿಯುತ್ತವೆ. ಇನ್ನೊಂದು ನೂಲಿನಲ್ಲಿ 40, 80, 120, 160 ಎಂದು ಸಮದೂರದಲ್ಲಿ ಕಟ್ಟಿ ಬಿಟ್ಟರೆ ತಾಳ ಕೊನೆಕೊನೆಗೆ ಅವಸರವಾಗುತ್ತದೆ. ಕೊನೆಯ ಅಡಿಕೆಗಳು ಹೆಚ್ಚು ವೇಗದಿಂದ ಬಂದುವೆಂಬುದಕ್ಕೆ ಇದೇ ಸಾಕ್ಷಿ.

ಗಾಳಿಯನ್ನು ತೆಗೆದಾಗ

ಇಷ್ಟು ಹೇಳಿದ ಮೇಲೆ ಎಂಟನೆಯ ತರಗತಿಯ ಹುಡುಗಿಯೊಬ್ಬಳು, "ಹಾಗಾದರೆ ಕಾಗದ ಯಾಕೆ ನಿಧಾನ, ಅಕ್ಕಾ?" ಎಂದು ಕೇಳಿದಳು. ಸರಿಯಾದ ಪ್ರಶ್ನೆ. ಒಂದು ಪುಸ್ತಕವನ್ನೂ ಒಂದು ಹಾಳೆ ಕಾಗದವನ್ನೂ ಬೇರೆಬೇರೆಯಾಗಿ ಬಿಟ್ಟರೆ ಕಾಗದ ಓಲಾಡುತ್ತ ತಡವಾಗಿ ಬೀಳುತ್ತದೆ. ಅದೇ ಕಾಗದವನ್ನು ಮುದುಡಿ ಉಂಡೆ ಮಾಡಿ ಬಿಟ್ಟರೆ ಅದು ಪುಸ್ತಕದ ಜೊತೆಗೇ ಬೀಳುತ್ತದೆ. ಮುದುಡಿದಾಗ ಕಾಗದದ ತೂಕ ಕೂದಲೆಳೆಯಷ್ಟೂ ಹೆಚ್ಚಲಿಲ್ಲ. ಬದಲಾದುದು ಅದರ ಹರಹು ಮಾತ್ರ. ಆದುದರಿಂದ ಕಾಗದವನ್ನು ತಡೆದುದು ಗಾಳಿ.

ಗಾಳಿಯನ್ನೇ ತೆಗೆದುಬಿಟ್ಟರೆ? ಹದಿನೇಳನೆಯ ಶತಮಾನದಲ್ಲಿ ವಾಯುರೇಚಕ ಯಂತ್ರ ಬಂದ ಮೇಲೆ ಇದು ಸಾಧ್ಯವಾಯಿತು. ಗಾಜಿನ ಪಾತ್ರೆಯೊಳಗಿನ ಗಾಳಿಯನ್ನು ಹೊರತೆಗೆದರೆ ಹಕ್ಕಿಯ ಗರಿಯೂ ಚಿನ್ನವೂ ಒಂದೇ ವೇಗದಲ್ಲಿ ಬೀಳುತ್ತವೆಂದು ನ್ಯೂಟನ್ ತನ್ನ ಮಹಾಗ್ರಂಥದ 1713ರ ಮುದ್ರಣದಲ್ಲಿ ಹೇಳಿದ್ದಾನೆ. ಅಮೆರಿಕದ ಒಹಾಯೋ ರಾಜ್ಯದಲ್ಲಿರುವ ದೊಡ್ಡ ನಿರ್ವಾತ ಕೋಣೆಯೊಂದರಲ್ಲಿ 2014ರಲ್ಲಿ ಭಾರವಾದ ಚೆಂಡನ್ನೂ ಗರಿಗಳನ್ನೂ ಒಟ್ಟಿಗೆ ಬೀಳಿಸಿ ಚಿತ್ರ ತೆಗೆದಿದ್ದಾರೆ. ಗರಿಯ ಒಂದು ಎಳೆಯೂ ಅಲುಗದೆ ಎರಡೂ ಜೊತೆಯಾಗಿಯೇ ಇಳಿಯುವುದನ್ನು ಅದರಲ್ಲಿ ಕಾಣಬಹುದು.

ಇದಕ್ಕಿಂತ ಸೊಗಸಾದ ಪ್ರಯೋಗ ನಡೆದದ್ದು ಚಂದ್ರನ ಮೇಲೆ. ಅಲ್ಲಿ ಗಾಳಿ ಇಲ್ಲವೆಂದೇ ಹೇಳಬಹುದು. 1971ರ ಆಗಸ್ಟ್ 2ರಂದು ಅಪೋಲೋ 15ರ ಯಾತ್ರಿ ಡೇವಿಡ್ ಸ್ಕಾಟ್ ಒಂದು ಕೈಯಲ್ಲಿ 1.3 ಕಿಲೋಗ್ರಾಮಿನಷ್ಟಿದ್ದ ಸುತ್ತಿಗೆಯನ್ನೂ ಇನ್ನೊಂದು ಕೈಯಲ್ಲಿ 30 ಗ್ರಾಮಿನಷ್ಟಿದ್ದ ಡೇಗೆಯ ಗರಿಯನ್ನೂ ಹಿಡಿದು ಒಮ್ಮೆಗೇ ಬಿಟ್ಟನು. ಚಂದ್ರನ ಸೆಳೆತ ಭೂಮಿಯದರ ಆರನೆಯ ಒಂದು ಪಾಲು ಮಾತ್ರ. ಆದುದರಿಂದ ಅವು ಇಲ್ಲಿಗಿಂತ ಮೆಲ್ಲಗೆ ಬಿದ್ದುವು. ಆದರೆ ಒಟ್ಟಿಗೇ ನೆಲ ಮುಟ್ಟಿದುವು.

ಗಾಳಿಯ ತಡೆ

ಆದರೆ ನಾವಿರುವುದು ಚಂದ್ರನ ಮೇಲಲ್ಲ, ಗಾಳಿಯ ಕಡಲಿನ ತಳದಲ್ಲಿ. ಇಲ್ಲಿ ಬೀಳುವ ಪ್ರತಿಯೊಂದು ವಸ್ತುವೂ ಗಾಳಿಯನ್ನು ನೂಕಿಕೊಂಡೇ ಬರಬೇಕು. ಗಾಳಿಯ ತಡೆ ಎರಡು ಸಂಗತಿಗಳನ್ನು ಮುಖ್ಯವಾಗಿ ಹೊಂದಿಕೊಂಡಿದೆ. ವಸ್ತುವಿನ ಹರಹು ಎರಡರಷ್ಟಾದರೆ ತಡೆಯೂ ಎರಡರಷ್ಟು. ಆದರೆ ವೇಗ ಎರಡರಷ್ಟಾದರೆ ತಡೆ ನಾಲ್ಕರಷ್ಟು, ಮೂರರಷ್ಟಾದರೆ ಒಂಬತ್ತರಷ್ಟು. ಸೈಕಲಿನಲ್ಲಿ ಇಳಿಜಾರು ಇಳಿಯುವಾಗ ಮುಖಕ್ಕೆ ಬಡಿಯುವ ಗಾಳಿಯನ್ನು ನೆನೆದರೆ ಇದು ಮನದಟ್ಟಾದೀತು.

ವಸ್ತು ಬೀಳತೊಡಗಿದಾಗ ತಡೆ ಕಡಿಮೆ. ವೇಗ ಏರಿದಂತೆ ತಡೆಯೂ ಏರುತ್ತದೆ, ವೇಗೋತ್ಕರ್ಷ ಕುಗ್ಗುತ್ತದೆ. ಕೊನೆಗೊಮ್ಮೆ ಮೇಲ್ಮುಖವಾದ ತಡೆಯು ವಸ್ತುವಿನ ತೂಕಕ್ಕೆ ಸಮನಾಗುತ್ತದೆ. ಆಮೇಲೆ ವೇಗ ಏರುವುದೂ ಇಲ್ಲ, ಇಳಿಯುವುದೂ ಇಲ್ಲ. ಇದನ್ನು ಅಂತಿಮ ವೇಗವೆನ್ನುತ್ತಾರೆ. ಭಾರವಾದ ವಸ್ತುವಿಗೆ ಈ ಸಮತೋಲ ಬರಬೇಕಾದರೆ ಹೆಚ್ಚಿನ ತಡೆ ಬೇಕು, ಎಂದರೆ ಹೆಚ್ಚಿನ ವೇಗ ಬೇಕು. ಗಾಳಿಯಲ್ಲಿ ಭಾರಕ್ಕೆ ಬೆಲೆ ಬರುವುದು ಇಲ್ಲಿ.

ನಾವು ಹಳೆಯ ಪತ್ರಿಕೆಯ ಕಾಗದದಿಂದ ಒಂದೇ ಅಳತೆಯ ಐದು ಶಂಕುಗಳನ್ನು, ಕಡಲೆಕಾಯಿ ಪೊಟ್ಟಣದಂತೆ ಆದರೆ ಅಗಲವಾಗಿ, ಮಾಡಿದೆವು. ನಾಲ್ಕನ್ನು ಒಂದರೊಳಗೊಂದು ಸೇರಿಸಿದರೆ ಹರಹು ಅಷ್ಟೇ, ತೂಕ ನಾಲ್ಕರಷ್ಟು. ನಾಲ್ಕರಷ್ಟು ತಡೆಗೆ ಎರಡರಷ್ಟು ವೇಗ ಸಾಕಲ್ಲವೆ? ಹಾಗಾದರೆ ನಾಲ್ಕರ ಕಟ್ಟು ಒಂಟಿ ಶಂಕುವಿನ ಎರಡರಷ್ಟು ವೇಗದಲ್ಲಿ ಬೀಳಬೇಕು. ಕಟ್ಟನ್ನು 4 ಮೀಟರಿನಿಂದಲೂ ಒಂಟಿಯನ್ನು 2 ಮೀಟರಿನಿಂದಲೂ ತುದಿ ಕೆಳಗಾಗಿ ಒಮ್ಮೆಗೇ ಬಿಟ್ಟೆವು. ಹೆಚ್ಚುಕಡಿಮೆ ಒಟ್ಟಿಗೇ ನೆಲ ಸೇರಿದುವು. ಲೆಕ್ಕ ನಿಜವಾದಾಗಿನ ಸಂತೋಷ ಹೇಳತೀರದು.

ಇಂತಹುದೇ ಪ್ರಯೋಗ 1710ರಲ್ಲಿ ಲಂಡನಿನ ಸೇಂಟ್ ಪಾಲ್ಸ್ ಇಗರ್ಜಿಯಲ್ಲಿ ನಡೆದುದನ್ನು ನ್ಯೂಟನ್ ದಾಖಲಿಸಿದ್ದಾನೆ. 220 ಅಡಿ, ಎಂದರೆ ಸುಮಾರು 67 ಮೀಟರು ಎತ್ತರದಿಂದ ಗಾಜಿನ ಗೋಳಗಳನ್ನು ಬಿಟ್ಟರು. ಪಾದರಸ ತುಂಬಿದ ಗೋಳಗಳು ಸುಮಾರು 4 ಸೆಕೆಂಡುಗಳಲ್ಲಿ ಕೆಳಗೆ ಬಂದುವು. ಗಾಳಿ ಮಾತ್ರ ತುಂಬಿದ್ದ ಗೋಳಗಳಿಗೆ ಸುಮಾರು 8 ಸೆಕೆಂಡು ಬೇಕಾಯಿತು. ಗಾಳಿಯೇ ಇಲ್ಲದಿದ್ದರೆ ಎರಡಕ್ಕೂ 3.7 ಸೆಕೆಂಡು ಸಾಕಾಗುತ್ತಿತ್ತು.

ಗಾಳಿಯ ಈ ತಡೆ ನಮಗೆ ಎಷ್ಟು ಉಪಕಾರಿ ಎಂಬುದನ್ನು ಮಳೆಯಿಂದ ತಿಳಿಯಬಹುದು. ವರ್ಷಕ್ಕೆ 3000 ಮಿಲಿಮೀಟರಿಗೂ ಹೆಚ್ಚು ಮಳೆ ಸುರಿಯುವ ನಮ್ಮ ಕಾಸರಗೋಡಿನವರು ಇದನ್ನು ಅಗತ್ಯವಾಗಿ ಅರಿತಿರಬೇಕು. 2 ಕಿಲೋಮೀಟರು ಎತ್ತರದ ಮೋಡದಿಂದ ಹನಿಯೊಂದು ತಡೆಯಿಲ್ಲದೆ ಬಿದ್ದರೆ ನೆಲ ಮುಟ್ಟುವಾಗ ಅದರ ವೇಗ ಸೆಕೆಂಡಿಗೆ ಸುಮಾರು 200 ಮೀಟರು, ಎಂದರೆ ಗಂಟೆಗೆ 700 ಕಿಲೋಮೀಟರಿಗೂ ಹೆಚ್ಚು. ಹೊಲದ ಪೈರು ಉಳಿಯದು, ಮನೆಯ ಹಂಚು ಉಳಿಯದು. ಗಾಳಿಯ ದಯೆಯಿಂದ 1 ಮಿಲಿಮೀಟರಿನ ಹನಿ ಸೆಕೆಂಡಿಗೆ ಸುಮಾರು 4 ಮೀಟರು ವೇಗದಲ್ಲೂ 5 ಮಿಲಿಮೀಟರಿನ ದಪ್ಪ ಹನಿ ಸುಮಾರು 9 ಮೀಟರು ವೇಗದಲ್ಲೂ ಬಂದು ನಮ್ಮ ಕೊಡೆಯ ಮೇಲೆ ಪಟಪಟನೆ ಬಡಿಯುತ್ತವೆ, ಅಷ್ಟೆ.

ಕೊಡೆಯ ಲೆಕ್ಕ

ಈಗ ಕೊಡೆ ಹಿಡಿದ ಹುಡುಗನ ಪ್ರಶ್ನೆಗೆ ಬರೋಣ. ಅಧ್ಯಾಪಕರ ಸಹಾಯದಿಂದ ನಾವು ಲೆಕ್ಕ ಹಾಕಿದೆವು. ಹುಡುಗನ ತೂಕ 35 ಕಿಲೋಗ್ರಾಮು, ಬಿಡಿಸಿದ ಕೊಡೆಯ ಅಗಲ 1 ಮೀಟರು. ಇವನ ತೂಕಕ್ಕೆ ಸಮನಾದ ತಡೆಯನ್ನು ಈ ಕೊಡೆ ಒಡ್ಡಬೇಕಾದರೆ ವೇಗ ಸೆಕೆಂಡಿಗೆ ಸುಮಾರು 23 ಮೀಟರು, ಎಂದರೆ ಗಂಟೆಗೆ 80 ಕಿಲೋಮೀಟರಿಗೂ ಹೆಚ್ಚಾಗಬೇಕು! ಅಷ್ಟರೊಳಗೆ ಕೊಡೆಯ ಕಡ್ಡಿಗಳು ಮಗುಚಿ ಹೋಗಿರುತ್ತವೆ.

ಮೂರು ಮೀಟರಿನ ದರೆಯಿಂದ ಹಾರಿದವನು ಆ ವೇಗದ ಹತ್ತಿರಕ್ಕೂ ಹೋಗುವುದಿಲ್ಲ. ಗಾಳಿಯೇ ಇಲ್ಲದಿದ್ದರೆ ಅವನು ನೆಲ ಮುಟ್ಟುವ ವೇಗ ಸೆಕೆಂಡಿಗೆ 7.7 ಮೀಟರು. ಅಜ್ಜನ ಕೊಡೆ ಅದನ್ನು ಸುಮಾರು 7.5ಕ್ಕೆ ಇಳಿಸಿತು. ಉಳಿದದ್ದು ಅಷ್ಟೇ! ಇಡೀ ಹಾರಾಟ ಮುಗಿದದ್ದು ಒಂದು ಸೆಕೆಂಡಿಗೂ ಮೊದಲು. ವೇಗ ಕಡಿಮೆಯಿರುವಾಗ ತಡೆಯೂ ಅತ್ಯಲ್ಪ ಎಂಬುದೇ ಇದರ ಗುಟ್ಟು. ಕೊಡೆ ಕೆಲಸಕ್ಕೆ ಬರುವ ಮೊದಲೇ ನೆಲ ಬಂದುಬಿಟ್ಟಿತು.

ಪ್ಯಾರಾಶೂಟಿನ ಹರಹು ನಲವತ್ತು ಐವತ್ತು ಚದರ ಮೀಟರು. ಅಜ್ಜನ ಕೊಡೆಯದು ಒಂದು ಚದರ ಮೀಟರೂ ಇಲ್ಲ. ಪ್ಯಾರಾಶೂಟಿನಿಂದ ಇಳಿಯುವವನು ಸೆಕೆಂಡಿಗೆ ಸುಮಾರು 5 ಮೀಟರು ವೇಗದಲ್ಲಿ ನೆಲ ಸೇರುತ್ತಾನೆ. ಇದು ಒಂದೂಕಾಲು ಮೀಟರು ಎತ್ತರದ ಕಟ್ಟೆಯಿಂದ ಹಾರಿದುದಕ್ಕೆ ಸಮ. ನಮ್ಮ ಹುಡುಗನಿಗೆ ಅಷ್ಟು ಮೆಲ್ಲಗೆ ಇಳಿಯಬೇಕೆಂದಿದ್ದರೆ ಸುಮಾರು ನಾಲ್ಕೂವರೆ ಮೀಟರು ಅಗಲದ ಕೊಡೆ ಬೇಕು. ಅದನ್ನು ಬಿಡಿಸಿದರೆ ತರಗತಿಯ ಕೋಣೆಯ ಬಹುಭಾಗ ತುಂಬೀತು.

ಇರುವೆ ಅಡಿಕೆ ಮರದ ತುದಿಯಿಂದ ಬಿದ್ದರೂ ಎದ್ದು ನಡೆಯುತ್ತದೆ. ಮನುಷ್ಯನಿಗೆ ಅದು ಸಾಧ್ಯವಿಲ್ಲ. ಇದಕ್ಕೂ ಕಾರಣ ಇದೇ. ಪ್ರಾಣಿಯ ಉದ್ದ, ಅಗಲ, ದಪ್ಪ ಮೂರೂ ಎರಡರಷ್ಟಾದರೆ ಮೈಯ ಹರಹು ನಾಲ್ಕರಷ್ಟಾಗುತ್ತದೆ, ಆದರೆ ತೂಕ ಎಂಟರಷ್ಟಾಗುತ್ತದೆ. ದೊಡ್ಡದಾದಂತೆ ತೂಕ ಮುಂದೆ, ಗಾಳಿಯ ಸಹಾಯ ಹಿಂದೆ. ಹದಿನೈದು ಮೀಟರು ಎತ್ತರದ ಮರದಿಂದ ಬೀಳುವ ತೆಂಗಿನಕಾಯಿ ಎರಡು ಸೆಕೆಂಡಿನೊಳಗೆ ನೆಲ ಸೇರುತ್ತದೆ. ಆಗ ಅದರ ವೇಗ ಗಂಟೆಗೆ ಸುಮಾರು 60 ಕಿಲೋಮೀಟರು. ಗಾಳಿ ಅದನ್ನು ತಡೆಯುವುದು ಅತ್ಯಲ್ಪ. ಕಾಯಿ ಕೀಳುವಾಗ ಮರದ ಬುಡದಲ್ಲಿ ನಿಲ್ಲಬೇಡಿರೆಂದು ಹಿರಿಯರು ಹೇಳುವ ಮಾತಿನ ಹಿಂದೆ ಇರುವುದು ಈ ಲೆಕ್ಕವೇ. ಮರ ಹತ್ತುವವರು ಸೊಂಟಕ್ಕೆ ಹಗ್ಗ ಬಿಗಿದುಕೊಳ್ಳಬೇಕಾದುದೂ ಇದರಿಂದಲೇ. ಜಾರಿದ ಮೇಲೆ ಯೋಚಿಸಲು ಎರಡು ಸೆಕೆಂಡೂ ಇರುವುದಿಲ್ಲ.

ಹಾಗಾದರೆ ನಮ್ಮ ಎರಡು ಪಕ್ಷಗಳ ವಾದ ಏನಾಯಿತು? ಭೂಮಿ ಎಲ್ಲ ವಸ್ತುಗಳ ವೇಗವನ್ನೂ ಒಂದೇ ದರದಲ್ಲಿ ಹೆಚ್ಚಿಸುತ್ತದೆಂಬ ಮಾತು ನಿಜ. ಗಾಳಿ ಮಾತ್ರ ಅವುಗಳಲ್ಲಿ ಭೇದವೆಣಿಸುತ್ತದೆ ಎಂಬುದೂ ನಿಜ. ಆದರೆ ಆ ಭೇದ ಯಾರಿಗೆ ಎಷ್ಟು ಎಂಬುದನ್ನು ಅಳೆದು ನೋಡದೆ ಹೇಳಲಾಗದು. ಕೊಡೆ ವೇಗವನ್ನು ತಗ್ಗಿಸುತ್ತದೆ ಎಂದು ಹುಡುಗ ನಂಬಿದ್ದು ತಪ್ಪಲ್ಲ; ಎಷ್ಟು ತಗ್ಗಿಸುತ್ತದೆ ಎಂದು ಕೇಳದೆ ಹಾರಿದ್ದು ತಪ್ಪು.

ತಮ್ಮಂದಿರೇ, ತಂಗಿಯಂದಿರೇ, ಈ ಪ್ರಯೋಗಗಳನ್ನು ನೀವೂ ಮನೆಯಲ್ಲಿ ಮಾಡಿ ನೋಡಿ. ಕೆಳಗೆ ಯಾರೂ ಇಲ್ಲದಂತೆ ಹಿರಿಯರೊಬ್ಬರು ನೋಡಿಕೊಳ್ಳಲಿ. ಕುಡಿಯುವ ನೀರಿನ ಬಾವಿಗೆ ಕಲ್ಲು ಹಾಕಬೇಡಿ. ಬೀಳಿಸುವುದಾದರೆ ಕಾಯಿಯನ್ನು, ಅಡಿಕೆಯನ್ನು, ಕಾಗದವನ್ನು ಬೀಳಿಸಿ, ನೀವು ಬೀಳಬೇಡಿ. ಹೆತ್ತವರಲ್ಲಿ ನಮ್ಮ ವಿನಂತಿ ಇಷ್ಟೇ: ಮಕ್ಕಳು ಇಂತಹ ಪ್ರಶ್ನೆ ಕೇಳಿದಾಗ ಗದರಿಸದೆ, ಒಂದು ತಗಡನ್ನೂ ನಾಲ್ಕು ಅಡಿಕೆಯನ್ನೂ ಕೊಟ್ಟುಬಿಡಿ.

ನಮ್ಮ ಪ್ರಯೋಗದ ದಿನ ತಗಡನ್ನು ಹೊತ್ತು ತಂದು ಹಾಸಿದವನು ಆ ಹುಡುಗನೇ. ಎಡಗೈ ಈಗ ಪೂರ್ತಿ ಗುಣವಾಗಿದೆ. ಕೊಡೆಯನ್ನು ಅಜ್ಜ ಹೊಲಿಸಿಕೊಂಡಿದ್ದಾರೆ. ಈಗ ಅದು ಮಳೆಗೆ ಮಾತ್ರ.